ಧಾರವಾಡದ ವಿದ್ಯಾರ್ಥಿಜೀವನವೂ ಮಠಗಳ ಪ್ರಸಾದನಿಲಯಗಳೂ

ತಾರುಣ್ಯದಲ್ಲಿ ವಿದ್ಯೆ ಕಲಿತ ಊರನ್ನು ಮುಪ್ಪಿನಲ್ಲಿ ತವರೂರಿನಂತೆ ನೆನೆಯುವದು ಲೋಕರೂಢಿಯಾಗಿದೆ. ಹಳೆಯ ವಿದ್ಯಾರ್ಥಿಗಳು ಎಲ್ಲಿಯಾದರೂ ನಾಲ್ಕು ಜನ ಕೂಡಿದರೆ ಸಾಕು, ಮಾತು ತಾನಾಗಿಯೇ ಧಾರವಾಡಕ್ಕೆ ಹೊರಳುತ್ತದೆ. ಕಾಲೇಜಿನ ಕೆಂಪು ಮಣ್ಣಿನ ದಾರಿ, ಆಷಾಢದ ಜಿಟಿಜಿಟಿ ಮಳೆ, ಕೆರೆಯ ದಂಡೆಯ ಸಂಜೆಗಳು, ಪೇಢೆಯ ಅಂಗಡಿ, ಒಂದೇ ಲಾಟೀನಿನ ಸುತ್ತ ಕುಳಿತು ಓದಿದ ರಾತ್ರಿಗಳು, ಇವೆಲ್ಲವೂ ಒಂದರ ಬೆನ್ನಿಗೊಂದು ಬರುತ್ತವೆ. ಕೇಳುವವರಿಗೆ ಇದು ಬರಿಯ ಹರಟೆಯಂತೆ ತೋರಬಹುದು. ಆದರೆ ಈ ನೆನಹುಗಳ ತಳದಲ್ಲಿ ನಾಡಿನ ವಿದ್ಯಾಪ್ರಸಾರದ ಒಂದು ಚರಿತ್ರೆಯು ಅಡಗಿಕೊಂಡಿದೆ. ಆ ಚರಿತ್ರೆಯಲ್ಲಿ ಕಾಲೇಜಿಗೆ ಎಷ್ಟು ಪಾಲಿದೆಯೋ ಮಠದ ಅಡಿಗೆಯ ಮನೆಗೂ ಅಷ್ಟೇ ಪಾಲಿದೆ. ಮಠದ ಈ ಮಹೋತ್ಸವದ ಸಂದರ್ಭದಲ್ಲಿ ಅದನ್ನು ಸ್ಮರಿಸುವದು ಉಚಿತವಾಗಿದೆ.

ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಾದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಲ್ಲಿ ೧೯೧೭ರ ವರೆಗೆ ಒಂದೂ ಕಾಲೇಜು ಇರಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಿದ ಹುಡುಗನು ಮುಂದೆ ಓದಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಧಾರವಾಡದಲ್ಲಿಯೇ ಹುಟ್ಟಿ ಬೆಳೆದ ದ. ರಾ. ಬೇಂದ್ರೆಯವರು ಬಿ. ಎ. ಆದದ್ದೂ ಅಲ್ಲಿಯೇ. ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಕಲಿತು ಬಂದು ವಕೀಲರಾದರು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹೀಗೆ ಮೂರು ಭಾಷೆಗಳ ನಡುವೆ ಅವರ ವಿದ್ಯಾಭ್ಯಾಸವು ನಡೆಯಿತು. ಇಂಥ ದೂರದ ಊರಿನ ವೆಚ್ಚವನ್ನು ತಾಳಬಲ್ಲ ಮನೆಗಳು ಎಷ್ಟಿದ್ದವು? ಒಕ್ಕಲಿಗನ ಮಗನಿಗೆ, ನೇಕಾರನ ಮಗನಿಗೆ, ಹಳ್ಳಿಯ ಬಡ ಜಂಗಮನ ಮಗನಿಗೆ ಆ ದಾರಿಯು ಮುಚ್ಚಿದ ಬಾಗಿಲೇ ಆಗಿತ್ತು.

ಆ ಬಾಗಿಲನ್ನು ತೆರೆಯುವ ಪ್ರಯತ್ನಗಳು ಕಾಲೇಜಿಗಿಂತ ಮೊದಲೇ ಆರಂಭವಾಗಿದ್ದವು. ೧೮೮೩ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿ, ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ದೊರೆಯುವಂತೆ ಮಾಡಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು (೧೮೬೧–೧೯೦೬) ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟು ಹೋದರು. ಹಾನಗಲ್ಲ ಕುಮಾರಸ್ವಾಮಿಗಳ (೧೮೬೭–೧೯೩೦) ಪ್ರೇರಣೆಯಿಂದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನವು ೧೯೦೪ರಲ್ಲಿ ಜರುಗಿದ್ದು ಧಾರವಾಡದಲ್ಲಿಯೇ. ಅದಕ್ಕೆ ಅಧ್ಯಕ್ಷರಾದವರು ಇದೇ ಲಿಂಗರಾಜರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ಮೊದಲ ಹಾಯಸ್ಕೂಲಿಗೆ ಗಿಲಗಂಚಿ–ಅರಟಾಳರ ಹೆಸರನ್ನಿಟ್ಟರು. ಹಿಂದಿನ ತಲೆಯವರ ಸಹಾಯದಿಂದ ಓದಿದವರು ಮುಂದಿನ ತಲೆಯವರಿಗೆ ಶಾಲೆ ಕಟ್ಟಿದರೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಈ ಒತ್ತಾಸೆಯ ಫಲವಾಗಿ ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕಾಗಿ ದುಡಿದ ಗಣ್ಯರಲ್ಲಿ ಅರಟಾಳ ರುದ್ರಗೌಡರ ಹೆಸರು ಸ್ಮರಣೀಯವಾಗಿದೆ. ಕಾಲೇಜಿಗೆ ದೊರೆತ ಕಟ್ಟಡದ ಕಥೆಯೂ ಸ್ವಾರಸ್ಯವಾದದ್ದು. ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿಯು ಮೊದಲು ಧಾರವಾಡದಲ್ಲಿತ್ತು. ೧೯೦೮ರಲ್ಲಿ ಆ ಕಂಪನಿಯು ಮದ್ರಾಸ ರೇಲ್ವೆಯೊಡನೆ ಕೂಡಿಹೋದ ಮೇಲೆ ಮುಖ್ಯ ಕಚೇರಿಯು ಮದ್ರಾಸಿಗೆ ಹೋಯಿತು. ಹುಬ್ಬಳ್ಳಿಯಲ್ಲಿ ಕಾರಖಾನೆಯು ಉಳಿಯಿತು. ಹೀಗೆ ತೆರವಾದ ವಿಶಾಲವಾದ ಕಲ್ಲುಕಟ್ಟಡವು ಮುಂದೆ ವಿದ್ಯಾಮಂದಿರವಾಯಿತು. ರೇಲ್ವೆಯ ಲೆಕ್ಕಪತ್ರಗಳಿದ್ದ ಕೋಣೆಗಳಲ್ಲಿ ಕಾಳಿದಾಸ–ಶೇಕ್ಸಪಿಯರರ ಪಾಠಗಳು ನಡೆಯತೊಡಗಿದವು. ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತಾದರೂ ಓದಲು ಪುಣೆ–ಮುಂಬಯಿಗೆ ಹೋಗುವ ಅನಿವಾರ್ಯತೆಯು ತಪ್ಪಿತು.

ಕಾಲೇಜೇನೋ ಬಂದಿತು. ಆದರೆ ಉಣ್ಣುವದೆಲ್ಲಿ, ಮಲಗುವದೆಲ್ಲಿ ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಸ್ಥಿತಿವಂತರ ಮಕ್ಕಳು ಕಾಲೇಜಿನ ವಸತಿಗೃಹದಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ಇದ್ದು ಖಾನಾವಳಿಯಲ್ಲಿ ಊಟ ಮಾಡುತ್ತಿದ್ದರು. ಬಡವರಲ್ಲಿ ಕೆಲವರು ದಿನಕ್ಕೊಂದು ಮನೆಯಂತೆ ವಾರಾನ್ನ ಹಿಡಿಯುತ್ತಿದ್ದರು. ಕೆಲವರು ಊರಿನಿಂದ ಬರುವ ಬುತ್ತಿಯ ಗಂಟನ್ನೇ ನೆಚ್ಚಿಕೊಂಡು, ಕಟಿಯಾದ ರೊಟ್ಟಿಯನ್ನು ಖಾರದ ಪುಡಿಯೊಡನೆ ಕಡಿಯುತ್ತಿದ್ದರು. ಹಸಿವೆಯನ್ನು ತಾಳಲಾರದೆ ಪುಸ್ತಕ ಮಡಿಚಿ ಊರಿಗೆ ಮರಳಿದವರ ಲೆಕ್ಕವನ್ನು ಯಾವ ಕಾಲೇಜಿನ ದಫ್ತರವೂ ಇಟ್ಟಿಲ್ಲ. ಪರೀಕ್ಷೆಯಲ್ಲಿ ಸೋತವನ ಹೆಸರು ಕಾಗದದಲ್ಲಿ ಉಳಿಯುತ್ತದೆ, ಅನ್ನಕ್ಕೆ ಸೋತವನ ಹೆಸರು ಉಳಿಯುವದಿಲ್ಲ.

ಇಲ್ಲಿಯೇ ಮಠಗಳು ಮುಂದೆ ಬಂದವು. ದಾಸೋಹವು ಶರಣರ ಕಾಲದಿಂದ ನಡೆದುಬಂದ ಆಚಾರ. ಬಂದವನಿಗೆ ಅನ್ನವಿಕ್ಕುವದು ಮಠಕ್ಕೆ ಹೊಸದಲ್ಲ. ಆದರೆ ಒಂದು ಹೊತ್ತಿನ ಅತಿಥಿಗೆ ಇಕ್ಕುವದು ಬೇರೆ, ನಾಲ್ಕೈದು ವರ್ಷಗಳ ವರೆಗೆ ನೂರಾರು ಹುಡುಗರಿಗೆ ಎರಡು ಹೊತ್ತು ಇಕ್ಕಿ, ಇರಲು ಸ್ಥಳ ಕೊಟ್ಟು, ಅವರ ನಡೆನುಡಿಗಳ ಮೇಲೆ ಕಣ್ಣಿಡುವದು ಬೇರೆ. ಹಳೆಯ ದಾಸೋಹವನ್ನು ಹೊಸ ಕಾಲದ ವಿದ್ಯೆಗೆ ಜೋಡಿಸಿದ್ದೇ ಪ್ರಸಾದನಿಲಯಗಳ ವಿಶೇಷ. ಧಾರವಾಡದಲ್ಲಿ ಈ ಕಾರ್ಯವು ಮುರುಘಾಮಠದ ಹೆಸರಿನೊಡನೆ, ಅದರಲ್ಲಿಯೂ ಲಿಂಗೈಕ್ಯ ಮೃತ್ಯುಂಜಯ ಅಪ್ಪಗಳ ಹೆಸರಿನೊಡನೆ ಬೆಸೆದುಕೊಂಡಿದೆ. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು, ತುಮಕೂರಿನ ಸೀಮೆಯಲ್ಲಿ ಸಿದ್ಧಗಂಗೆಯ ಸ್ವಾಮಿಗಳು ಇದೇ ಮಾರ್ಗದಲ್ಲಿ ನಡೆದರು. ಅಪ್ಪಗಳ ಪ್ರಭಾವವು ವಿದ್ಯಾರ್ಥಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ಗಾಯಕಶ್ರೇಷ್ಠರಾದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಅವರ ಭಕ್ತರಾಗಿದ್ದು, ಧಾರವಾಡದ ತಮ್ಮ ಮನೆಗೆ ‘ಮೃತ್ಯುಂಜಯ’ ಎಂದೇ ಹೆಸರಿಟ್ಟರು.

ಪ್ರಸಾದನಿಲಯದ ಒಲೆಯು ಹೊತ್ತಿದ್ದು ಯಾರ ದವಸದಿಂದ ಎಂಬುದನ್ನು ತಿಳಿಯುವದು ಅವಶ್ಯ. ಸುಗ್ಗಿಯು ಮುಗಿದೊಡನೆ ಸ್ವಾಮಿಗಳು ಹಳ್ಳಿಹಳ್ಳಿಗೆ ಬಿಜಯಂಗೈದು ಜೋಳಿಗೆ ಹಿಡಿಯುತ್ತಿದ್ದರು. ಮೂಡಲ ಸೀಮೆಯ ಎರೆಯ ಹೊಲದವರು ಜೋಳ, ಗೋದಿ, ಕಡಲೆಗಳನ್ನು ಕೊಟ್ಟರೆ, ಮಲೆನಾಡಿನ ಸೆರಗಿನವರು ಭತ್ತವನ್ನು ಕೊಡುತ್ತಿದ್ದರು. ಚೀಲ ಕೊಡಲಾರದವರು ಸೇರು ಕೊಡುತ್ತಿದ್ದರು, ಸೇರು ಕೊಡಲಾರದ ಮುದುಕಿಯು ಬೊಗಸೆ ಹಾಕುತ್ತಿದ್ದಳು. ತನ್ನ ಮಗನನ್ನು ಶಾಲೆಗೆ ಕಳಿಸಲಾರದವನು ಪರರ ಮಗನ ಓದಿಗಾಗಿ ಕಾಳು ಅಳೆದು ಕೊಟ್ಟನೆಂಬುದೇ ಇದರ ಹಿರಿಮೆ. ಆ ಕಾಳು ಚಕ್ಕಡಿಗಳಲ್ಲಿ ಮಠಕ್ಕೆ ಬಂದು, ರೊಟ್ಟಿಯಾಗಿ, ಬೇಳೆಯಾಗಿ, ನುಚ್ಚಾಗಿ ವಿದ್ಯಾರ್ಥಿಯ ತಟ್ಟೆಗೆ ಬೀಳುತ್ತಿತ್ತು. ಬೆಳಗಿನ ಜಾವದಲ್ಲಿ ಸ್ನಾನ, ಲಿಂಗಪೂಜೆ, ವಚನಪಾರಾಯಣ. ಸರದಿಯ ಮೇಲೆ ನೀರು ಸೇದುವದು, ಬಡಿಸುವದು, ಅಂಗಳ ಕಸಗುಡಿಸುವದು, ಹೀಗೆ ದಿನಚರ್ಯೆಯು ಸಾಗುತ್ತಿತ್ತು. ಗೌಡರ ಮಗನೂ ಕೂಲಿಯವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು ಪುಸ್ತಕದಲ್ಲಿ ಓದಿದ ಸಮತೆಯ ಪಾಠಕ್ಕಿಂತ ಹೆಚ್ಚು ದಿನ ನೆನಪಿನಲ್ಲಿ ಉಳಿಯಿತು.

ಹಳೆಯ ವಿದ್ಯಾರ್ಥಿಗಳ ನೆನಹಿನಲ್ಲಿ ಪಾಠದ ಕೋಣೆಗಿಂತ ಹೊರಗಿನ ತಾಣಗಳೇ ಹೆಚ್ಚಾಗಿ ಬರುವದು ಸಹಜವಾಗಿದೆ. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭೆಗಳಲ್ಲಿ ತರುಣರು ಹಿರಿಯರ ಮಾತು ಕೇಳಿ ತಾವೂ ಮಾತು ಕಲಿತರು. ಬೇಂದ್ರೆಯವರ ಸಾಧನಕೇರಿಯು ಕಾವ್ಯಾಸಕ್ತರಿಗೆ ಯಾತ್ರೆಯ ಸ್ಥಳವಾಯಿತು. ಅವರ ಸುತ್ತ ನೆರೆದ ಗೆಳೆಯರ ಗುಂಪಿಗೆ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದ ವಿ. ಕೃ. ಗೋಕಾಕರೂ ಸೇರಿದರು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವನ್ನು ಅರಿಯದ ಸಾಹಿತ್ಯದ ವಿದ್ಯಾರ್ಥಿಯಿಲ್ಲ. ಸುಭಾಸ ರಸ್ತೆಯ ಆ ಮಾಳಿಗೆಯ ಮೆಟ್ಟಿಲನ್ನೇರಿದವನು ಒಂದು ಹೊಸ ಪುಸ್ತಕವನ್ನೋ ಹೊಸ ವಾದವನ್ನೋ ಹೊತ್ತು ಇಳಿಯುತ್ತಿದ್ದನು. ಕರ್ನಾಟಕ ಕಾಲೇಜಿನಲ್ಲಿ ಗಣಿತ ಕಲಿತ ಗಿರೀಶ ಕಾರ್ನಾಡರ ‘ಯಯಾತಿ’ಯು ೧೯೬೧ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಉತ್ತರ ಹಿಂದೂಸ್ಥಾನದ ಉನ್ನಾವದಿಂದ ಬಂದು ನೆಲೆಸಿದ ಠಾಕೂರ ಮನೆತನದವರು ಲೈನ್ ಬಜಾರದಲ್ಲಿ ಮಾಡಿದ ಪೇಢೆಯು ಪರೀಕ್ಷೆಯಲ್ಲಿ ಪಾಸಾದವನ ಮೊದಲ ಖರ್ಚಾಗಿತ್ತು. ಕಾಸಿಲ್ಲದವರಿಗೆ ಕೆಲಗೇರಿಯ ಕೆರೆಯ ದಂಡೆ, ಶಾಲ್ಮಲೆಯು ಹುಟ್ಟುವ ಸೋಮೇಶ್ವರದ ಗುಡಿ, ಉಳವಿ ಬಸವೇಶ್ವರನ ಗುಡ್ಡಗಳಿದ್ದವು. ಹುಬ್ಬಳ್ಳಿಯವರಿಗೆ ಉಣಕಲ್ಲ ಕೆರೆಯಿತ್ತು, ಮೂರುಸಾವಿರ ಮಠದ ಆವರಣವಿತ್ತು, ಸಿದ್ಧಾರೂಢರ ಸನ್ನಿಧಿಯಿತ್ತು. ಇಂಥ ತಾಣಗಳಲ್ಲಿ ನಡೆದ ಮಾತುಕತೆಯೆಲ್ಲ ವ್ಯರ್ಥಾಲಾಪವೆಂದು ತಿಳಿಯಬಾರದು. ಕಲ್ಯಾಣದ ಶರಣರೂ ಕೂಡಿ ಕುಳಿತು ಮಾತನಾಡಿಯೇ ಅನುಭಾವವನ್ನು ಬೆಳೆಯಿಸಿದರು.

ಈ ವಾತಾವರಣದಿಂದ ಹೊರಬಂದವರ ಸಾಲು ದೊಡ್ಡದಾಗಿದೆ. ಗೋಕಾಕರು ತಾವು ಓದಿದ ಕಾಲೇಜಿಗೇ ಪ್ರಾಚಾರ್ಯರಾಗಿ ಮರಳಿದರು, ಮುಂದೆ ಜ್ಞಾನಪೀಠ ಪ್ರಶಸ್ತಿಯನ್ನೂ ಪಡೆದರು. ಮಮದಾಪುರದ ಡಿ. ಸಿ. ಪಾವಟೆಯವರು ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ೧೯೪೯ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ೧೯೫೦ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವನ್ನು ಅವರು ೧೯೫೪ರಿಂದ ೧೯೬೭ರ ವರೆಗೆ ಕುಲಪತಿಗಳಾಗಿ ಬೆಳೆಯಿಸಿ, ಛೋಟಾ ಮಹಾಬಳೇಶ್ವರದ ಬೋಳುಗುಡ್ಡವನ್ನು ವಿದ್ಯಾನಗರವನ್ನಾಗಿ ಮಾಡಿದರು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು ತೆರೆದ ದಾರಿಯಲ್ಲಿ ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಮೊದಲಾದ ಪಂಡಿತರು ಈ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ನಡೆದರು.

ಆದರೂ ನೆನಪು ಎಂಬುದು ಪ್ರೀತಿಯ ಕಣ್ಣಿನದು. ಅದಕ್ಕೆ ಕೊರತೆಗಳು ಕಾಣುವದು ಕಡಿಮೆ. ಚರಿತ್ರೆಯು ಅವುಗಳನ್ನೂ ಹೇಳಬೇಕು. ಆ ಸುಖದ ದಿನಗಳು ಎಲ್ಲರಿಗೂ ಸುಖದ ದಿನಗಳಾಗಿರಲಿಲ್ಲ. ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲನ್ನೇರಿದ್ದು ಬಹು ವಿರಳ. ಅಕ್ಕಮಹಾದೇವಿಯ ವಚನಗಳನ್ನು ನಿತ್ಯ ಪಠಿಸುತ್ತಿದ್ದ ನಿಲಯಗಳಲ್ಲಿ ಅಕ್ಕನ ತಂಗಿಯರಿಗೆ ಇರಲು ಕೋಣೆಯಿರಲಿಲ್ಲ. ಊರಿನ ಖಾನಾವಳಿಗಳಲ್ಲಿಯೂ ವಸತಿಗೃಹಗಳಲ್ಲಿಯೂ ಜಾತಿಜಾತಿಗೆ ಬೇರೆ ಪಂಕ್ತಿಗಳಿದ್ದ ಕಾಲವದು. ಶರಣರ ಮಾತನ್ನು ಪೂರ್ಣವಾಗಿ ನಡೆಯಿಸಲು ಮಠಗಳಿಗೂ ಸಮಯ ಹಿಡಿಯಿತು. ೧೯೪೨ರ ಚಳವಳಿಯಲ್ಲಿ ತರಗತಿಗಳನ್ನು ಬಿಟ್ಟು ಬೀದಿಗಿಳಿದವರ ಓದು ನಿಂತುಹೋದದ್ದೂ ಉಂಟು. ಹುಬ್ಬಳ್ಳಿಯ ಬಾಲವಿದ್ಯಾರ್ಥಿ ನಾರಾಯಣ ಡೋಣಿಯು ಗುಂಡಿಗೆ ಬಲಿಯಾದನು. ಅವನ ಪಾಲಿಗೆ ನೆನೆಯಬೇಕಾದ ಕಾಲೇಜಿನ ದಿನಗಳೇ ಬರಲಿಲ್ಲ.

ಕಾಲವು ಉರುಳಿತು. ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ ಕಾಲೇಜು ಹುಟ್ಟಿತು. ೧೯೬೨ರಲ್ಲಿ ಹುಬ್ಬಳ್ಳಿ–ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದವು. ಒಂದು ಕಾಲೇಜಿದ್ದಲ್ಲಿ ಹತ್ತಾರು ಕಾಲೇಜುಗಳಾದವು. ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಸರಿಯಾಗಿ, ಎಷ್ಟೋ ಕಡೆ ಮಿಗಿಲಾಗಿ ಓದುತ್ತಿದ್ದಾರೆ. ಹಳೆಯ ತಾಣಗಳಲ್ಲಿ ಕೆಲವು ಉಳಿದಿವೆ, ಕೆಲವು ರೂಪ ಬದಲಿಸಿವೆ. ಕೆರೆಯ ದಂಡೆಗಳು ಉದ್ಯಾನಗಳಾದವು, ಮಣ್ಣಿನ ದಾರಿಗಳು ಡಾಂಬರು ಕಂಡವು. ಇದಕ್ಕಾಗಿ ಮರುಗುವದರಲ್ಲಿ ಅರ್ಥವಿಲ್ಲ. ಮರುಗಬೇಕಾದದ್ದು ಬೇರೊಂದಿದೆ. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ಪ್ರಾಚಾರ್ಯರ ಹೆಸರು ಕೇಳಿಬರುತ್ತದೆ, ಪದಕ ಪಡೆದವರ ಹೆಸರು ಕೇಳಿಬರುತ್ತದೆ, ಪೇಢೆಯ ಅಂಗಡಿಯ ಹೆಸರೂ ಕೇಳಿಬರುತ್ತದೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದ ಕೈಗಳ ಹೆಸರು ಕೇಳಿಬರುವದಿಲ್ಲ. ಯಾವ ಹಳ್ಳಿಯ ಯಾವ ಮನೆಯ ಜೋಳವದು ಎಂಬುದು ಕೇಳಿಬರುವದಿಲ್ಲ. ಬಲ್ಲವರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿರಲು, ಬರೆದಿಡದ ಆ ಹೆಸರುಗಳು ಅವರೊಡನೆಯೇ ಹೋಗುತ್ತಿವೆ.

ಆದುದರಿಂದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಿರಿಯರು ತಮ್ಮ ನೆನಹುಗಳನ್ನು ಹರಟೆಯಲ್ಲಿ ಕಳೆಯದೆ ಬರೆದು ಮಠಕ್ಕೆ ಒಪ್ಪಿಸುವದು ಇಂದಿನ ಮೊದಲ ಕರ್ತವ್ಯವಾಗಿದೆ. ಯಾವ ವರ್ಷ ಇದ್ದರು, ಯಾರೊಡನೆ ಇದ್ದರು, ಯಾರು ಅಡಿಗೆ ಮಾಡಿದರು, ಯಾವ ಊರಿನ ಚಕ್ಕಡಿಗಳು ಬಂದವು, ಇಷ್ಟನ್ನು ಎರಡು ಪುಟಗಳಲ್ಲಿ ಬರೆದರೂ ಅದು ನಾಡಿನ ಚರಿತ್ರೆಗೆ ಆಧಾರವಾದೀತು. ಎರಡನೆಯದು, ಋಣವನ್ನು ತೀರಿಸುವ ಬಗೆ. ಕೊಟ್ಟವರಿಗೆ ಅದನ್ನು ಮರಳಿಸುವಂತಿಲ್ಲ, ಅವರು ಇಂದಿಲ್ಲ. ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸುವದೊಂದೇ ಉಳಿದ ದಾರಿ. ಗಿಲಗಂಚಿ–ಅರಟಾಳರ ಸಹಾಯ ಪಡೆದ ತಲೆಯವರು ನಡೆದು ತೋರಿಸಿದ್ದೂ ಅದನ್ನೇ. ಇಂದಿಗೂ ಹಳ್ಳಿಯಿಂದ ಬಂದ ಹುಡುಗನೋ ಹುಡುಗಿಯೋ ಕೈಯಲ್ಲಿ ಪ್ರವೇಶಪತ್ರ ಹಿಡಿದು, ಇರಲು ಎಡೆಯಿಲ್ಲದೆ ಬಸ್ ನಿಲ್ದಾಣದಲ್ಲಿ ನಿಲ್ಲುವದು ತಪ್ಪಿಲ್ಲ. ಆ ಮಗುವಿಗೆ ಒಂದು ತಟ್ಟೆಯೂ ಒಂದು ಚಾಪೆಯೂ ದೊರೆತರೆ, ಮುಂದೆ ಐವತ್ತು ವರ್ಷಗಳ ತರುವಾಯ ಅದೂ ಧಾರವಾಡವನ್ನು ತವರೂರೆಂದು ನೆನೆದೀತು. ಜೋಳಿಗೆಗೆ ಬೊಗಸೆ ಕಾಳು ಹಾಕಿದ ಆ ಹೆಸರಿಲ್ಲದ ಮುದುಕಿಯು ಬಯಸಿದ್ದು ಇದನ್ನೇ. ಸದ್ಭಕ್ತರಿಗೆ ಆ ಬಯಕೆಯನ್ನು ನಡೆಯಿಸುವ ಬುದ್ಧಿಯನ್ನೂ ಶಕ್ತಿಯನ್ನೂ ಗುರುಕೃಪೆಯು ಕರುಣಿಸಲಿ.