ಮಂಗಳವಾರದ ಕ್ಲಿನಿಕ್ಕು, ಕೂಲಿಯ ದಿನ: ಅಕ್ಕಿಹೆಬ್ಬಾಳು ಸೀಮೆಯ ಬಡ ಗಂಡಸರು ಮತ್ತು ಮಾನಸಿಕ ಚಿಕಿತ್ಸೆ

ಬಡ ಗಂಡಸರು ಮನೋವೈದ್ಯರ ಬಳಿ ಹೋಗದಿರಲು ನಾಚಿಕೆ ಮತ್ತು ಗಂಡಸುತನದ ಬಿಗುಮಾನವೇ ಕಾರಣ ಎಂಬ ವಿವರಣೆ ವಿದ್ವತ್ ವಲಯದಲ್ಲಿ ಸಲೀಸಾಗಿ ಚಲಾವಣೆಯಲ್ಲಿದೆ. ಮಂಡ್ಯ ಜಿಲ್ಲೆಯ, ಹೇಮಾವತಿ ದಡದ ಅಕ್ಕಿಹೆಬ್ಬಾಳು ಸೀಮೆಯನ್ನು ಎದುರಿಗಿಟ್ಟುಕೊಂಡರೆ ಈ ವಿವರಣೆ ಸಾಲದು ಅನ್ನಿಸುತ್ತದೆ.

ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಅಸ್ವಸ್ಥತೆಯ ಪ್ರಮಾಣ ಗಂಡಸರಲ್ಲಿ ಶೇ. 13.9, ಹೆಂಗಸರಲ್ಲಿ ಶೇ. 7.5. ಮದ್ಯವ್ಯಸನಿಗಳಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಮಂಡ್ಯದ ಬಗ್ಗೆ ಮಾತಾಡುವಾಗ ನಾವೆಲ್ಲ ಎರವಲು ಅಂಕಿಗಳನ್ನೇ ಬಳಸುತ್ತೇವೆ. ಆತ್ಮಹತ್ಯೆಯ ಅಂಕಿಯೂ ಇಡೀ ದೇಶದ್ದೇ: 2021ರಲ್ಲಿ ಆತ್ಮಹತ್ಯೆಯಿಂದ ಸತ್ತ 1,64,033 ಜನರಲ್ಲಿ 42,004 ಮಂದಿ ದಿನಗೂಲಿಗಳು.

ಕಬ್ಬಿನ ಬಾಕಿ, ಕೈಸಾಲಗಳ ನಡುವೆ ನಿದ್ದೆಗೆಟ್ಟವನು ಮೊದಲು ಹೋಗುವುದು ಊರಿನ ಖಾಸಗಿ ಡಾಕ್ಟರ ಹತ್ತಿರ. ಅಲ್ಲಿ ಅವನು ಹೇಳಿಕೊಳ್ಳುವುದು ದೇಹದ ಸಂಕಟ: ‘ಎದೆ ಉರಿ, ಊಟ ಸೇರಲ್ಲ, ಕೈಕಾಲು ಸೋಲು.’ ಒಂದು ಸೂಜಿ, ನಾಲ್ಕು ಮಾತ್ರೆ, ಸುಸ್ತು ಹೆಚ್ಚಿದ್ದರೆ ಗ್ಲೂಕೋಸ್ ಬಾಟಲಿ. ಸಂಜೆ ಕೆಲಸ ಬಿಟ್ಟು ಬಂದ ಮೇಲೂ ಆ ಬಾಗಿಲು ತೆರೆದಿರುತ್ತದೆ, ಹಣ ಆಮೇಲೆ ಕೊಟ್ಟರೂ ನಡೆಯುತ್ತದೆ. ಇದೂ ನೆರವಿನ ಹುಡುಕಾಟವೇ. ನಮ್ಮ ಪ್ರಶ್ನಾವಳಿಗಳಲ್ಲಿ ಅದಕ್ಕೆ ಜಾಗವಿಲ್ಲ. ಇನ್ನು ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಗೊತ್ತುಪಡಿಸಿದ ಮಂಗಳವಾರ, ಅದೂ ಹಗಲು ಹೊತ್ತಿನಲ್ಲಿ. ಕೂಲಿಯವನು ಅಲ್ಲಿಗೆ ಹೋಗಬೇಕಾದರೆ ಬಸ್‌ಚಾರ್ಜಿನ ಜೊತೆಗೆ ಆ ದಿನದ ಕೂಲಿಯನ್ನೂ ಬಿಡಬೇಕು. ಮಾತ್ರೆ ಪುಕ್ಕಟೆ ಸಿಕ್ಕರೂ ಲೆಕ್ಕ ಕೂಡುವುದಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಈ ಖರ್ಚನ್ನೇನೋ ತಪ್ಪಿಸುತ್ತದೆ. ಆದರೆ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಮಕ್ಕಳ ಕಿವಿಗೆ ಬೀಳದಂತೆ ಎಲ್ಲಿ ನಿಂತು ಮಾತಾಡಬೇಕು?

ಬಡ ಗಂಡಸರು ಗುಂಪಾಗಿ ಬಂದು ಕೂರುವ ಒಂದು ಜಾಗ ಮಾತ್ರ ಇದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ರಾಜ್ಯದ ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಮನೋವೈದ್ಯಶಾಸ್ತ್ರ ಗಂಭೀರವಾಗಿ ಓದಬೇಕಾಗಿದೆ. ಶಿಬಿರ ಕೂಡುವುದು ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ. ಎಂಟು ದಿನ ಊಟ, ವಸತಿ ಅಲ್ಲೇ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಭಜನೆ, ಉಪನ್ಯಾಸ, ಒಬ್ಬರ ಕಷ್ಟ ಇನ್ನೊಬ್ಬರು ಕೇಳುವುದು. ಮುಗಿದ ಮೇಲೆ ಕುಡಿತ ಬಿಟ್ಟವರ ನವಜೀವನ ಸಮಿತಿ. ಸ್ತ್ರೀಶಕ್ತಿ ಗುಂಪಿನ ಹೆಂಗಸರಿಗೆ ವಾರದ ಸಭೆಯಿದೆ. ಗಂಡಸರಿಗೆ ಅದಕ್ಕೆ ಹತ್ತಿರವಾದದ್ದು ಇದು. ಅಳುವ ಗಂಡಸನ್ನು ಇಲ್ಲಿ ಯಾರೂ ಹುಚ್ಚನೆಂದು ನೋಡುವುದಿಲ್ಲ, ಏಕೆಂದರೆ ಹೆಸರಿಗೆ ಅವನು ಬಂದಿರುವುದು ಕುಡಿತ ಬಿಡಲು. ಧಾರ್ಮಿಕ ಚೌಕಟ್ಟಿನ ಬಗ್ಗೆ ತಕರಾರು ಇರುವವರೂ (ನಾನೂ ಅವರಲ್ಲೊಬ್ಬ) ಈ ಏರ್ಪಾಡಿನ ಜಾಣತನವನ್ನು ಒಪ್ಪಬೇಕಾಗುತ್ತದೆ.

ಇದರ ಮಿತಿಯೂ ಇಲ್ಲೇ ಇದೆ. ಕುಡಿತದ ಕೆಳಗೆ ಹುದುಗಿದ ಖಿನ್ನತೆಗೆ ಮದ್ದು ಬೇಕಾದವನನ್ನು ಶಿಬಿರದಿಂದ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿಗೋ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಕೈಹಿಡಿದು ದಾಟಿಸುವ ಗಟ್ಟಿ ವ್ಯವಸ್ಥೆ ಬೇಕು. ಕುಡಿಯದೆಯೇ ಕುಗ್ಗಿದವನಿಗಂತೂ ಶಿಬಿರದ ನೆಪವೂ ಇಲ್ಲ. ಅವನು ದಿನಾ ಸಿಗುವುದು ಹಾಲಿನ ಡೇರಿಯ ಸಾಲಿನಲ್ಲಿ, ಬೆಳಿಗ್ಗೆ ಮತ್ತು ಸಂಜೆ. ತಪಾಸಣೆಯ ಮುಂದಿನ ಪ್ರಯೋಗವನ್ನು, ನನ್ನ ಮಟ್ಟಿಗೆ, ಅಲ್ಲಿಂದ ಶುರುಮಾಡಬೇಕು, ಮಂಗಳವಾರವೇ ಆಗಬೇಕೆಂದಿಲ್ಲ.