ಮನೆಯ ಹೊಲಿಗೆ ಯಂತ್ರದಲ್ಲಿ ಓವರ್‌ಲಾಕ್: ಅಂಚು ಸವರಿ ಹೊಲಿಯುವ ಕಟರ್ ಫೂಟಿನ ಇತಿಹಾಸ

ಓವರ್‌ಲಾಕ್ ಕಟರ್ ಎಂದರೆ ಮನೆಯ ಹೊಲಿಗೆ ಯಂತ್ರದ ಫೂಟ್ ಬಿಚ್ಚಿ ಆ ಜಾಗದಲ್ಲಿ ಕೂರಿಸುವ ಚಿಕ್ಕ ಉಪಕರಣ. ಬಟ್ಟೆ ಸೂಜಿಯ ಕೆಳಗೆ ಸಾಗುವ ಮುನ್ನ ಅದರ ಅಂಚನ್ನು ಸಣ್ಣ ಅಲಗು ಸವರುತ್ತದೆ. ಸವರಿದ ಅಂಚಿನ ಮೇಲೆ ಕೂಡಲೇ ಜಿಗ್‌ಜಾಗ್ ಹೊಲಿಗೆ ಬೀಳುತ್ತದೆ. ಅಂಗಡಿಗಳಲ್ಲಿ ಇದನ್ನು ಸೈಡ್ ಕಟರ್, ಕಟರ್ ಫೂಟ್, ಓವರ್‌ಲಾಕ್ ಅಟ್ಯಾಚ್‌ಮೆಂಟ್ ಎಂದೆಲ್ಲ ಕೇಳಿ ಕೊಳ್ಳುತ್ತಾರೆ. ಕಾರ್ಖಾನೆಯ ಓವರ್‌ಲಾಕ್ ಯಂತ್ರ ಮಾಡುವ ಎರಡು ಕೆಲಸಗಳನ್ನು, ಅಂದರೆ ಕತ್ತರಿಸುವುದನ್ನೂ ಅಂಚು ಕಟ್ಟುವುದನ್ನೂ, ಮನೆಯಲ್ಲಿರುವ ಒಂದೇ ಯಂತ್ರದಿಂದ ಮಾಡಿಸುವುದು ಇದರ ಉದ್ದೇಶ. ಆದರೆ ಇದು ಹಾಕುವ ಹೊಲಿಗೆಯೇ ಬೇರೆ. ಆ ವ್ಯತ್ಯಾಸ ಗೊತ್ತಿದ್ದರೆ ಉಪಕರಣ ಬಹಳ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದಿದ್ದರೆ ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ.

ಅಂಚು ಬಿಚ್ಚದ ಬಟ್ಟೆಗಳ ಕಾಲ

ಬಟ್ಟೆಯ ಅಂಚು ಬಿಚ್ಚಿಕೊಳ್ಳುವ ತೊಂದರೆ ಕತ್ತರಿಯ ಜೊತೆಗೆ ಬಂದದ್ದು. ಮಗ್ಗದಿಂದ ಇಳಿದ ಸೀರೆ, ಪಂಚೆ, ವಲ್ಲಿಗಳ ಎರಡೂ ಬದಿಗೆ ನೇಯ್ಗೆಯಲ್ಲೇ ಭದ್ರವಾದ ಅಂಚಿರುತ್ತದೆ. ಅಡ್ಡ ಎಳೆ ಅಲ್ಲಿಗೆ ಬಂದು ತಿರುಗಿ ಒಳಗೇ ಹೋಗುವುದರಿಂದ ಅದು ಸಡಿಲವಾಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಉತ್ತರದ ತುದಿಯಲ್ಲಿರುವ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಹೊಲಿಗೆ ಬೇಕಾಗುವುದು ಸೆರಗಿನ ತುದಿಯಲ್ಲಿ ಮತ್ತು ಒಳತುದಿಯಲ್ಲಿ ಮಾತ್ರ. ಸೆರಗಿಗೆ ಕುಚ್ಚು ಕಟ್ಟಿದರೆ ಅಲ್ಲಿಯ ಎಳೆಯೂ ನಿಂತಿತು. ಚಳ್ಳಕೆರೆ ಸಂತೆಗೆ ಬರುತ್ತಿದ್ದ ಕುರಿಯುಣ್ಣೆಯ ಕಂಬಳಿಯ ಮಾತೂ ಅಷ್ಟೇ. ತುದಿಯ ಎಳೆಗಳನ್ನು ಹುರಿಮಾಡಿಯೋ ದಪ್ಪ ದಾರದಲ್ಲಿ ಕೈಹೊಲಿಗೆ ಹಾಕಿಯೋ ಭದ್ರಪಡಿಸುತ್ತಿದ್ದರು. ಅಂಚನ್ನು ಸುತ್ತುವ ಆ ಕೈಹೊಲಿಗೆಯೇ ಓವರ್‌ಲಾಕ್ ಹೊಲಿಗೆಯ ಮೂಲರೂಪ. ಯಂತ್ರ ಮುಂದೆ ಕಲಿತದ್ದು ಕೈ ಅದಾಗಲೇ ಮಾಡುತ್ತಿದ್ದ ಕೆಲಸವನ್ನು.

ರವಿಕೆ, ಅಂಗಿ, ಲಂಗ, ಪೈಜಾಮಗಳು ಮನೆಮನೆಗೂ ಬಂದಾಗ ಲೆಕ್ಕ ಬದಲಾಯಿತು. ಒಂದು ರವಿಕೆಯಲ್ಲಿ ಕತ್ತು, ಕಂಕುಳು, ತೋಳು, ಪಕ್ಕ, ಕಟೋರಿ ಎಂದು ಹತ್ತಾರು ಕತ್ತರಿಸಿದ ಅಂಚುಗಳಿರುತ್ತವೆ. ಒಗೆದಾಗಲೆಲ್ಲ ಪ್ರತಿ ಅಂಚಿನಿಂದ ಒಂದೆರಡು ಎಳೆ ಹೊರಬರುತ್ತದೆ. ಕೈಹೊಲಿಗೆಯ ದರ್ಜಿಗಳು ಅಂಚನ್ನು ಎರಡು ಸಲ ಮಡಚಿ ಹೊಲಿದರು, ಇಲ್ಲವೇ ಒಂದರ ಅಂಚಿನೊಳಗೆ ಇನ್ನೊಂದನ್ನು ಸೇರಿಸಿ ಮುಚ್ಚಿದರು. ಕೆಲಸ ಗಟ್ಟಿ, ಆದರೆ ಬಟ್ಟೆಯೂ ಹೆಚ್ಚು, ಹೊತ್ತೂ ಹೆಚ್ಚು.

ಗಿರಣಿಯಲ್ಲಿ ಹುಟ್ಟಿದ ಯಂತ್ರ

ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಅದು ನೇರ ಹೊಲಿಗೆಯ ಯಂತ್ರ. ಎರಡು ಬಟ್ಟೆಗಳನ್ನು ಸೇರಿಸಬಲ್ಲುದಾಗಿತ್ತೇ ಹೊರತು ಅಂಚನ್ನು ಸುತ್ತಲಾರದಾಗಿತ್ತು. ಆ ಕೊರತೆಯನ್ನು ತುಂಬಿದವರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮೆರೋ ಕುಟುಂಬದವರು. 1838ರಲ್ಲಿ ಸಿಡಿಮದ್ದಿನ ಗಿರಣಿಯೊಂದಿಗೆ ವ್ಯವಹಾರ ಆರಂಭಿಸಿದ ಈ ಮನೆತನ, ಸ್ಫೋಟದಲ್ಲಿ ಆ ಗಿರಣಿ ಹಾಳಾದ ಮೇಲೆ ಹೆಣಿಗೆ ಬಟ್ಟೆಯ ಉದ್ಯಮಕ್ಕೆ ತಿರುಗಿತು. ಹೆಣೆದ ಬಟ್ಟೆ ನೇಯ್ದ ಬಟ್ಟೆಗಿಂತ ಬೇಗ ಬಿಚ್ಚಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ. ನೇರ ಹೊಲಿಗೆ ಹಾಕಿದರೆ ಹಿಗ್ಗಿದಾಗ ದಾರ ತುಂಡಾಗುತ್ತದೆ. ತಮ್ಮ ಗಿರಣಿಯ ಮಾಲಿಗೆ ಅಂಚು ಕಟ್ಟಲು ಮೆರೋ ಕುಟುಂಬ ಮೊದಲು ಕ್ರೋಶಾ ಮಾದರಿಯ ಹೊಲಿಗೆ ಯಂತ್ರ ರೂಪಿಸಿತು. ಆ ದಾರಿಯಲ್ಲೇ ಮುಂದುವರಿದು 1881ರಲ್ಲಿ ಓವರ್‌ಲಾಕ್ ಯಂತ್ರವನ್ನು ಹೊರತಂದ ಹೆಗ್ಗಳಿಕೆ ಮೆರೋ ಕಂಪನಿಯದು.

ಓವರ್‌ಲಾಕ್ ಯಂತ್ರಕ್ಕೆ ಬಾಬಿನ್ ಇಲ್ಲ. ಸೂಜಿಯ ದಾರವನ್ನು ಹಿಡಿಯಲು ಮೇಲೊಂದು, ಕೆಳಗೊಂದು ಲೂಪರ್ ಇರುತ್ತವೆ. ಅವು ತಮ್ಮ ದಾರಗಳನ್ನು ಅಂಚಿನ ಮೇಲೂ ಕೆಳಗೂ ಹಾಯಿಸಿ ಅಂಚಿನಲ್ಲೇ ಒಂದಕ್ಕೊಂದು ಸಿಕ್ಕಿಸುತ್ತವೆ. ಪಕ್ಕದಲ್ಲಿರುವ ಜೋಡಿ ಅಲಗು ಬಟ್ಟೆಯನ್ನು ಮೊದಲೇ ಒಂದೇ ಅಳತೆಗೆ ಸವರಿರುತ್ತದೆ. ದಾರ ಕುಣಿಕೆ ಕುಣಿಕೆಯಾಗಿ ಕೂರುವುದರಿಂದ ಬಟ್ಟೆಯೊಡನೆ ಹೊಲಿಗೆಯೂ ಹಿಗ್ಗುತ್ತದೆ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮೂರು ದಾರದ ಓವರ್‌ಲಾಕ್‌ಗೆ 504, ನಾಲ್ಕು ದಾರದ್ದಕ್ಕೆ 514, ಮನೆಯ ಯಂತ್ರದ ಸಾದಾ ಹೊಲಿಗೆಗೆ 301, ಜಿಗ್‌ಜಾಗ್‌ಗೆ 304 ಎಂಬ ಸಂಖ್ಯೆಗಳಿವೆ. ಕಟರ್ ಫೂಟ್ ಎಷ್ಟೇ ಚೆನ್ನಾಗಿದ್ದರೂ ಅದು ಕೊಡುವುದು 304, 504 ಅಲ್ಲ.

ಜಿಗ್‌ಜಾಗ್ ಮನೆಗೆ ಬಂದದ್ದು

ಮನೆಯ ಯಂತ್ರದಲ್ಲಿ ಅಂಚು ಕಟ್ಟಬೇಕಾದರೆ ಸೂಜಿ ಎಡಕ್ಕೂ ಬಲಕ್ಕೂ ಓಲಾಡಬೇಕು. ಅಮೆರಿಕದ ಮೇಯ್ನ್ ರಾಜ್ಯದ ಹೆಲೆನ್ ಆಗಸ್ಟಾ ಬ್ಲಾಂಚರ್ಡ್ ಎಂಬ ಮಹಿಳೆ 1873ರಲ್ಲಿ ಜಿಗ್‌ಜಾಗ್ ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದು ಬಹುಕಾಲ ಕಾರ್ಖಾನೆಯಲ್ಲೇ ಉಳಿಯಿತು. ಎರಡನೇ ಮಹಾಯುದ್ಧದ ನಂತರವೇ ಯುರೋಪು, ಅಮೆರಿಕ, ಜಪಾನಿನ ಮನೆಗಳಲ್ಲಿ ಜಿಗ್‌ಜಾಗ್ ಯಂತ್ರ ಸಾಮಾನ್ಯವಾಯಿತು. ನೇರ ಹೊಲಿಗೆಯ ಹಳೆಯ ಯಂತ್ರವಿದ್ದವರಿಗಾಗಿ ಸಿಂಗರ್ ಮೊದಲಾದ ಕಂಪನಿಗಳು ಜಿಗ್‌ಜಾಗರ್ ಎಂಬ ಜೋಡಣೆಯನ್ನು ಮಾರಿದವು. ಅದರಲ್ಲಿ ಸೂಜಿ ಇದ್ದಲ್ಲೇ ಇರುತ್ತದೆ, ಬಟ್ಟೆಯೇ ಅತ್ತಿತ್ತ ಸರಿಯುತ್ತದೆ.

1960ರ ದಶಕದಲ್ಲಿ ಜಪಾನಿನಲ್ಲಿ ಮೇಜಿನ ಮೇಲೆ ಇಡಬಹುದಾದ ಪುಟ್ಟ ಓವರ್‌ಲಾಕ್ ಯಂತ್ರ ತಯಾರಾಯಿತು. ಬೇಬಿ ಲಾಕ್ ಎಂಬ ಹೆಸರು ಅದರಿಂದಲೇ ಜನಪ್ರಿಯವಾಯಿತು. ಆದರೆ ಎರಡನೇ ಯಂತ್ರ ಕೊಳ್ಳುವುದು ಎಲ್ಲರ ಕೈಲಾಗುವ ಮಾತಲ್ಲ. ಜಿಗ್‌ಜಾಗ್ ಯಂತ್ರವೊಂದೇ ಇದ್ದವರಿಗೆ ಕಟರ್ ಫೂಟ್ ನೆರವಿಗೆ ಬಂತು. ಬ್ರದರ್ ಮುಂತಾದ ಕಂಪನಿಗಳು ತಮ್ಮ ಯಂತ್ರಕ್ಕೆ ಹೊಂದುವ ಸೈಡ್ ಕಟರ್ ಮಾರುತ್ತವೆ. ಹಲವು ಯಂತ್ರಗಳಿಗೆ ಹೊಂದುವ, ಕಂಪನಿಯ ಹೆಸರಿಲ್ಲದ ಅಗ್ಗದ ಮಾದರಿಗಳೂ ಸಿಗುತ್ತವೆ.

ರಚನೆ ಮತ್ತು ಬಳಕೆ

ಕಟರ್ ಫೂಟಿಗೆ ಸ್ವಂತ ಮೋಟಾರಿಲ್ಲ. ಅದರ ಬದಿಯಿಂದ ಹೊರಟ ಕವಲುಗೈ ಸೂಜಿ ಬಿಗಿಯುವ ತಿರುಪಿನ ಮೇಲೆ ಕೂರುತ್ತದೆ. ಸೂಜಿ ಏರಿಳಿದಂತೆ ಆ ಕೈಯೂ ಏರಿಳಿದು ಒಳಗಿನ ಅಲಗನ್ನು ಆಡಿಸುತ್ತದೆ. ಹಾಗಾಗಿ ಮೋಟಾರಿನ ಯಂತ್ರಕ್ಕೂ ಕಾಲಿನಿಂದ ತುಳಿಯುವ ಯಂತ್ರಕ್ಕೂ ಇದನ್ನು ಹಾಕಬಹುದು. ಫೂಟ್ ಕೂರುವ ಕಂಬದ ಎತ್ತರ ಹೊಂದಬೇಕು, ಅಷ್ಟೆ. ಮನೆಯ ಯಂತ್ರಗಳಲ್ಲಿ ಹೆಚ್ಚಿನವು ಗಿಡ್ಡ ಕಂಬದವು, ಕಟರ್‌ಗಳೂ ಬಹುತೇಕ ಅವಕ್ಕೇ ತಯಾರಾಗುತ್ತವೆ.

ಹೊಲಿಯುವ ಕ್ರಮಕ್ಕೆ ಕೈ ಪಳಗಬೇಕು. ಸವರಿ ಹೋಗುವ ಭಾಗಕ್ಕೆಂದು ಬಟ್ಟೆಯನ್ನು ಮೂರರಿಂದ ಐದು ಮಿಲಿಮೀಟರ್ ಹೆಚ್ಚಾಗಿ ಬಿಟ್ಟು ಕತ್ತರಿಸಿಕೊಳ್ಳಬೇಕು. ಹೊಲಿಗೆ ಶುರುವಾಗುವಲ್ಲಿ ಕತ್ತರಿಯಿಂದ ಸುಮಾರು ಎರಡು ಸೆಂಟಿಮೀಟರ್ ಸೀಳಿ, ಉಳಿಯುವ ಬಟ್ಟೆಯನ್ನು ಫೂಟಿನ ಕೆಳಗಿನ ಸಂದಿಗೂ, ಬಿದ್ದುಹೋಗುವ ಪಟ್ಟಿಯನ್ನು ಅಲಗಿನ ಬಲಕ್ಕೂ ತೂರಿಸಬೇಕು. ಜಿಗ್‌ಜಾಗ್ ಅಗಲವನ್ನು ಸಾಮಾನ್ಯವಾಗಿ 5 ಮಿಲಿಮೀಟರ್‌ಗೆ ಇಡುತ್ತಾರೆ. ಫೂಟಿನಲ್ಲಿ ಅಂಚು ಸುರುಳದಂತೆ ತಡೆಯುವ ಸಣ್ಣ ಕಡ್ಡಿಯೊಂದಿದೆ. ಅಗಲ ಕಡಿಮೆಯಿಟ್ಟರೆ ಸೂಜಿ ಆ ಕಡ್ಡಿಗೇ ಬಡಿದು ಮುರಿಯುತ್ತದೆ. ಆದ್ದರಿಂದ ಮೊದಲ ಹೊಲಿಗೆಯನ್ನು ಕೈಯಿಂದ ಚಕ್ರ ತಿರುಗಿಸಿ ನೋಡುವುದು ವಾಡಿಕೆ. ಗುಂಡುಸೂಜಿ ಅಲಗಿಗೆ ಸಿಕ್ಕರೆ ಅಲಗು ಅಲ್ಲಿಗೇ ಮೊಂಡು.

ಮಧ್ಯಮ ದಪ್ಪದ ಹತ್ತಿ ಬಟ್ಟೆ, ಪಾಪ್ಲಿನ್, ಟೆರಿಕಾಟ್‌ಗಳಲ್ಲಿ, ಅದರಲ್ಲೂ ಉದ್ದನೆಯ ನೇರ ಅಂಚುಗಳಲ್ಲಿ, ಕೆಲಸ ಅಂದವಾಗಿ ಬರುತ್ತದೆ. ದಿಂಬಿನ ಚೀಲ, ಒಳಲಂಗದ ಪಕ್ಕ, ಪೈಜಾಮದ ಕಾಲು, ಶಾಲಾ ಸಮವಸ್ತ್ರದ ಲಂಗ ಇದಕ್ಕೆ ಹೇಳಿಮಾಡಿಸಿದ ಬಟ್ಟೆಗಳು. ಕಂಕುಳಿನ ಒಳಬಾಗು, ಕತ್ತಿನ ಸುತ್ತು, ಮೂಲೆಗಳಲ್ಲಿ ಅಲಗು ತಿರುಗಲಾರದು. ಬಟ್ಟೆ ಸಿಕ್ಕಿಕೊಳ್ಳುತ್ತದೆ ಅಥವಾ ಅಳತೆ ಮೀರಿ ಕತ್ತರಿಸಿಹೋಗುತ್ತದೆ. ತೆಳು ಜಾರ್ಜೆಟ್ ಅಲಗಿನ ಕೆಳಗೆ ಮುದುಡುತ್ತದೆ. ಜೀನ್ಸಿನಂಥ ದಪ್ಪ ಬಟ್ಟೆಗೆ ಅದರ ಬಲ ಸಾಲದು.

ಕರ್ನಾಟಕದಲ್ಲಿ

ಸಿಂಗರ್ ಯಂತ್ರಗಳು ಭಾರತಕ್ಕೆ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲೇ ಬಂದವು. ಯಂತ್ರಗಳ ಬಗ್ಗೆ ಎಚ್ಚರಿಕೆಯ ಮಾತಾಡುತ್ತಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟದ್ದು ಪ್ರಸಿದ್ಧ. 1930ರ ದಶಕದಲ್ಲಿ ಕಲ್ಕತ್ತೆಯ ಜೈ ಎಂಜಿನಿಯರಿಂಗ್ ವರ್ಕ್ಸ್ ಉಷಾ ಯಂತ್ರ ತಯಾರಿಸತೊಡಗಿತು, ಮುಂದೆ ಲೂಧಿಯಾನ ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ಹಳ್ಳಿಯ ಮನೆಗಳನ್ನು ತಲುಪಿದ್ದು ಹೆಚ್ಚಾಗಿ ಕಪ್ಪು ಬಣ್ಣದ, ಕಾಲಿನಿಂದ ತುಳಿಯುವ, ನೇರ ಹೊಲಿಗೆಯ ಯಂತ್ರ. ದಶಕಗಳ ಕಾಲ ಕೆಟ್ಟರೂ ರಿಪೇರಿಯಾಗಿ ಓಡುವ ಆ ಯಂತ್ರದಲ್ಲಿ ಸೂಜಿ ಓಲಾಡುವುದಿಲ್ಲ. ಕಟರ್ ಜೋಡಿಸಿದರೆ ಅದು ಅಂಚನ್ನು ಸವರೀತು, ಸುತ್ತಲಾರದು. ಈ ಉಪಕರಣ ನಮ್ಮಲ್ಲಿ ನಿಧಾನವಾಗಿ ಹರಡಲು ಇದೇ ಮುಖ್ಯ ಕಾರಣ.

ಅದರ ಬದಲಿಗೆ ಬೆಳೆದದ್ದು ಅಂಚಿನ ಕೆಲಸವನ್ನು ಹೊರಗೆ ಕೊಡುವ ಪದ್ಧತಿ. ತಾಲ್ಲೂಕು ಕೇಂದ್ರಗಳಲ್ಲಿ "ಫಾಲ್, ಪಿಕೋ, ಓವರ್‌ಲಾಕ್" ಎಂದು ಬರೆದ ಫಲಕಗಳು ಕಣ್ಣಿಗೆ ಬೀಳುತ್ತವೆ. ಪಿಕೋ ಎಂದರೆ ಸೀರೆಯ ತುದಿಯನ್ನು ಒತ್ತೊತ್ತಾದ ಸಣ್ಣ ಜಿಗ್‌ಜಾಗ್‌ನಿಂದ ಕಟ್ಟುವುದು. ಮನೆಯಲ್ಲಿ ಹೊಲಿಯುವ ಹೆಂಗಸರು ಹತ್ತಾರು ರವಿಕೆಗಳನ್ನು ಸೇರಿಸಿಕೊಂಡು ಇಂಥ ಅಂಗಡಿಗೆ ಒಯ್ದು, ಬಟ್ಟೆಗಿಷ್ಟೆಂದು ಕೊಟ್ಟು ಓವರ್‌ಲಾಕ್ ಹಾಕಿಸಿ ತರುತ್ತಾರೆ. ಊರು ದೂರವಾದಷ್ಟೂ ಬಸ್ಸಿನ ಖರ್ಚೂ ಅರ್ಧ ದಿನದ ದುಡಿಮೆಯೂ ಅಂಚಿಗೇ ಹೋಗುತ್ತವೆ.

ಇನ್ನೊಂದು ಕಡೆಯಿಂದ ಸಿದ್ಧ ಉಡುಪಿನ ಪೈಪೋಟಿ ಬಂತು. 1970ರ ದಶಕದ ನಂತರ ಬೆಂಗಳೂರಿನಲ್ಲಿ ರಫ್ತು ಗಾರ್ಮೆಂಟ್ಸ್ ಬೆಳೆದು ಲಕ್ಷಾಂತರ ಹೆಂಗಸರಿಗೆ ಉದ್ಯೋಗ ಕೊಟ್ಟಿತು. ಮೊಳಕಾಲ್ಮೂರಿಗೆ ಹತ್ತಿರದ ಬಳ್ಳಾರಿ ಜೀನ್ಸಿಗೆ ಹೆಸರಾಯಿತು. ಇಂಥ ಘಟಕಗಳಲ್ಲಿ ಓವರ್‌ಲಾಕ್‌ಗೆಂದೇ ಬೇರೆ ಯಂತ್ರ, ಬೇರೆ ಕೆಲಸಗಾರರು. ಯಂತ್ರದ ವೇಗ ನಿಮಿಷಕ್ಕೆ ಹಲವು ಸಾವಿರ ಹೊಲಿಗೆ. ಮನೆಯ ಯಂತ್ರ ಸಾವಿರದ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಿದ್ಧ ಉಡುಪಿನ ಅಂಚು ಕಂಡ ಗಿರಾಕಿ ಈಗ ರವಿಕೆಯನ್ನು ಒಳಮೈ ತಿರುಗಿಸಿ ನೋಡುತ್ತಾರೆ. ಒಳಗಿನ ಅಂಚು ಬಿಚ್ಚಿದ್ದರೆ ಹೊರಗಿನ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಕೂಲಿ ಇಳಿಯುತ್ತದೆ.

ಮಾರಿಕಣಿವೆ ಸೀಮೆಯಲ್ಲಿ

ವೇದಾವತಿ ನದಿಗೆ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, ಹಿರಿಯೂರು ಸೀಮೆಗೆ ತೋಟದ ಬೆಳೆ ತಂದಿತು. ಆದರೂ ಚಿತ್ರದುರ್ಗ ಜಿಲ್ಲೆಯ ಬಹುಭಾಗ ಮಳೆ ನಂಬಿದ ಒಣಭೂಮಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು ಎಂಬುದೇ ಇಲ್ಲಿಯ ಮಳೆಯ ಲೆಕ್ಕ ಹೇಳುತ್ತದೆ. ಇಂಥ ಕಡೆ ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಕೈಗೆ ಕಾಸು ತರುವ ದಾರಿಗಳಲ್ಲಿ ಹೊಲಿಗೆಯೂ ಒಂದು.

ಅದಕ್ಕೆ ಸಂಸ್ಥೆಗಳ ಬೆಂಬಲವೂ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಚಿತ್ರದುರ್ಗದಲ್ಲಿದ್ದು, ಅದು ಕಲಿಸುವ ಸ್ವಉದ್ಯೋಗಗಳಲ್ಲಿ ಹೊಲಿಗೆಯೂ ಸೇರಿದೆ. 2000-01ರಲ್ಲಿ ಬಂದ ಸ್ತ್ರೀಶಕ್ತಿ ಗುಂಪುಗಳ ಸಾಲದಿಂದ ಯಂತ್ರ ಕೊಂಡವರಿದ್ದಾರೆ. ಗ್ರಾಮೀಣ ಕೈಗಾರಿಕೆ ಯೋಜನೆಗಳಲ್ಲಿ ಹೊಲಿಗೆ ಕಲಿತವರಿಗೆ ಯಂತ್ರ ವಿತರಣೆ ನಡೆಯುತ್ತದೆ. 2023ರ ಸೆಪ್ಟೆಂಬರ್ 17ರಂದು ಚಾಲನೆಗೊಂಡ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಉಪಕರಣಕ್ಕೆಂದು 15,000 ರೂಪಾಯಿವರೆಗೆ ನೆರವಿದೆ.

ಇಲ್ಲಿಯ ಹೊಲಿಗೆಯ ರೂಢಿಯೊಂದು ಕಟರ್ ಫೂಟಿನ ಬಳಕೆಯನ್ನು ನಿರ್ಧರಿಸುತ್ತದೆ. ರವಿಕೆಯ ಪಕ್ಕದಲ್ಲಿ ಒಂದರಿಂದ ಎರಡು ಇಂಚು ಬಟ್ಟೆಯನ್ನು ಒಳಗೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕುತ್ತಾರೆ. ಮೈ ತುಂಬಿಕೊಂಡಾಗ ಒಂದು ಸಾಲು ಬಿಚ್ಚಿದರೆ ರವಿಕೆ ಸಡಿಲವಾಗುತ್ತದೆ. ಮದುವೆಯ ರವಿಕೆ ಬಾಣಂತನ ದಾಟಿಯೂ ತೊಡಲು ಬರುವುದು ಈ ಒಳಬಟ್ಟೆಯಿಂದಲೇ. ಹೊಲಿಗೆಗೆ ಒತ್ತಿಕೊಂಡು ಅಂಚು ಸವರುವ ಕಾರ್ಖಾನೆಯ ಕ್ರಮ ಇಲ್ಲಿ ನಡೆಯದು. ಅದಕ್ಕಾಗಿ ಅನುಭವವುಳ್ಳವರು ತುಂಡುಗಳನ್ನು ಜೋಡಿಸುವ ಮೊದಲೇ, ಪಕ್ಕದ ಅಂಚು ನೇರವಾಗಿ ಚಪ್ಪಟೆಯಾಗಿ ಇರುವಾಗಲೇ, ಒಂದೊಂದಕ್ಕೂ ಕಟರ್ ಹಾಯಿಸಿಕೊಳ್ಳುತ್ತಾರೆ. ಒಳಬಟ್ಟೆ ಪೂರ್ತಿ ಉಳಿಯುತ್ತದೆ, ಎಳೆಯೂ ಬಿಚ್ಚುವುದಿಲ್ಲ. ಬಾಗಿದ ಕಂಕುಳಿಗೆ ಕಟರ್ ತೆಗೆದು ಸಾದಾ ಜಿಗ್‌ಜಾಗ್ ಹಾಕುತ್ತಾರೆ, ಇಲ್ಲವೇ ಪಟ್ಟಿ ಕೊಟ್ಟು ಮುಚ್ಚುತ್ತಾರೆ.

ಇಂದಿನ ಸ್ಥಿತಿ

ಜಪಾನಿನ ಜನೋಮ್ ಜೊತೆಗೂಡಿ ಉಷಾ ಮಾರುವ ಜಿಗ್‌ಜಾಗ್ ಯಂತ್ರಗಳೂ ಸಿಂಗರ್, ಬ್ರದರ್ ಯಂತ್ರಗಳೂ ಈಗ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತವೆ. ಕಟರ್ ಫೂಟಿಗೆ ಬೇಕಾದ ನೆಲೆ ಹೀಗೆ ಈಗ ಸಿದ್ಧವಾಗಿದೆ. ದಿನಕ್ಕೆ ನಾಲ್ಕೈದು ಬಟ್ಟೆ ಹೊಲಿಯುವವರಿಗೆ ಇದು ಸಾಕು. ಟೀ ಶರ್ಟಿನಂಥ ಹೆಣೆದ ಬಟ್ಟೆ ಹೊಲಿಯುವವರಿಗೂ ದೊಡ್ಡ ಆರ್ಡರ್ ಹಿಡಿಯುವವರಿಗೂ ಮೂರು ದಾರದ ನಿಜವಾದ ಓವರ್‌ಲಾಕ್ ಯಂತ್ರವೇ ಬೇಕು. ನೆರವಿನ ಯೋಜನೆಗಳಲ್ಲಿ ಯಂತ್ರ ಆರಿಸುವಾಗ ಜಿಗ್‌ಜಾಗ್ ಇರುವುದನ್ನು ಕೊಡುವುದು, ತರಬೇತಿಯಲ್ಲಿ ಕತ್ತರಿ ಹಿಡಿಯುವ ಪಾಠದ ಜೊತೆಗೇ ಅಂಚು ಕಟ್ಟುವ ಪಾಠವನ್ನೂ ಸೇರಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಹಾಗಾದರೆ ಹೊಸದುರ್ಗದ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಹೊಲಿಯುವವರು ಅಂಚಿಗೆಂದು ಪೇಟೆಗೆ ಬಸ್ಸು ಹತ್ತುವುದು ತಪ್ಪುತ್ತದೆ, ಆ ಕೂಲಿ ಅವರ ಮನೆಯಲ್ಲೇ ಉಳಿಯುತ್ತದೆ.