ದಾಂಡಿಯ ಕಡಲು, ಸಂಜಾಣದ ಅನ್ನಸತ್ರ

ವಡೋದರಾದಲ್ಲಿ ನೆಲೆಸಿದ ಕನ್ನಡಿಗರಿಗೆ ಕಡಲು ಎಂದರೆ ಇಂದಿಗೂ ಗೋಕರ್ಣ, ಮುರುಡೇಶ್ವರ. ಕಳೆದ ಚಳಿಗಾಲದಲ್ಲಿ ಊರಿಗೆ ಹೋಗಲು ರಜೆಯೂ ಸಾಲದೆ, ರೈಲಿನ ಟಿಕೆಟ್ಟೂ ಸಿಗದೆ, ನವಸಾರಿಯ ಕಡೆ ಕಡಲಿಗೆ ಹತ್ತಿರದ ಒಂದು ಮನೆಯನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದೆವು. ಮೊದಲ ಸಂಜೆಯೇ ಮಗಳ ಮುಖ ಸಪ್ಪಗಾಯಿತು. ಇಲ್ಲಿನ ಮರಳು ಕಪ್ಪು. ಇಳಿತದ ಹೊತ್ತಿಗೆ ನೀರು ಎಷ್ಟೋ ದೂರ ಸರಿದು ಬರೀ ಕೆಸರು ಉಳಿಯುತ್ತದೆ. "ಇಲ್ಲಿ ನೋಡೋಕೆ ಏನಿದೆ ಅಪ್ಪಾ?" ಎಂದಳು. "ಇದೆಲ್ಲ ಒಂದು ಕಾಲಕ್ಕೆ ನಮ್ಮವರೇ ಆಳಿದ ಸೀಮೆ ಕಣಮ್ಮಾ" ಎಂದು ಬೀಗಿದೆ. ವಡೋದರಾದಲ್ಲಿ ಯಾರಾದರೂ ನಮ್ಮನ್ನು 'ಹೊರಗಿನವರು' ಎಂದಾಗಲೂ ಒಳಗೊಳಗೇ ನಾನು ಹೇಳಿಕೊಳ್ಳುವ ಮಾತು ಅದು. ಆ ಮಾತಿಗೆ ಲೆಕ್ಕ ಒಪ್ಪಿಸುವ ಕೆಲಸ ಮುಂದಿನ ಎರಡು ದಿನಗಳದ್ದಾಯಿತು.

ಮೊದಲು ದಾಂಡಿ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ 78 ಸಂಗಡಿಗರೊಂದಿಗೆ ಹೊರಟ ಗಾಂಧೀಜಿ, ಸುಮಾರು 385 ಕಿ.ಮೀ. ನಡೆದು ಏಪ್ರಿಲ್ 5ರಂದು ಇಲ್ಲಿಗೆ ಬಂದರು. ಮರುದಿನ ಬೆಳಿಗ್ಗೆ ಉಪ್ಪು ಎತ್ತಿದರು. ಅವರು ತಂಗಿದ್ದ ಸೈಫೀ ವಿಲ್ಲಾ ಈಗಲೂ ಇದೆ. 2019ರಲ್ಲಿ ತೆರೆದ ಸ್ಮಾರಕದಲ್ಲಿ ನಡೆದವರ ಪ್ರತಿಮೆಗಳು ಸಾಲಾಗಿ ನಿಂತಿವೆ. ಆ ನಡಿಗೆಯಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನೂ ಇದ್ದ. ಖಾದಿ ಕೆಲಸ ಕಲಿಯಲು ಸಾಬರಮತಿಗೆ ಬಂದಿದ್ದ ಹದಿನೆಂಟರ ಹುಡುಗ. ಹದಿಮೂರು ವರ್ಷಗಳ ನಂತರ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಗಾಂಧೀಜಿ ಇಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ ಅಂಕೋಲೆಯಲ್ಲೂ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಅದನ್ನು ಹೇಳಿದ ಮೇಲೆ ಮಗಳು ಆ ಕಪ್ಪು ಮರಳಿನ ಮೇಲೆ ಸ್ವಲ್ಪ ಹೊತ್ತು ಓಡಾಡಿದಳು.

ದಾಂಡಿಯಿಂದ ಹಿಂದಿರುಗುವಾಗ ನವಸಾರಿ ಪೇಟೆ. ಹೆದ್ದಾರಿಯ ಬದಿಯಲ್ಲಿ ಮಡಕೆ ಬೋರಲು ಹಾಕಿ, ಬೆಂಕಿಯಲ್ಲಿ ಬೇಯಿಸಿದ ಉಂಬಾಡಿಯು ಮಾರುತ್ತಿದ್ದರು. ಅವರೆಯಂಥ ಪಾಪಡಿ ಕಾಯಿ, ಗೆಡ್ಡೆಗೆಣಸು, ಸೊಪ್ಪಿನ ಘಮ. ಅದನ್ನು ತಿನ್ನುತ್ತ ಮಗಳಿಗೆ ಬಾದಾಮಿಯ ಕತೆ ಹೇಳಿದೆ. ಬಾದಾಮಿಯ ಇಮ್ಮಡಿ ಪುಲಕೇಶಿಯ ಮೊಮ್ಮಗನೊಬ್ಬ, ಅವನ ಹೆಸರೂ ಪುಲಕೇಶಿಯೇ, ಈ ಲಾಟ ದೇಶವನ್ನು ಆಳುತ್ತಿದ್ದ. ಅವನ 739ರ ತಾಮ್ರಶಾಸನ ನವಸಾರಿಯಲ್ಲೇ ಸಿಕ್ಕಿದೆ. ಸಿಂಧ್, ಸೌರಾಷ್ಟ್ರಗಳ ಅರಸರನ್ನು ಸದೆಬಡಿದು ದಕ್ಷಿಣಕ್ಕೆ ನುಗ್ಗುತ್ತಿದ್ದ ತಾಜಿಕರ, ಅಂದರೆ ಅರಬರ, ಸೈನ್ಯವನ್ನು ಅವನು ಇಲ್ಲಿ ಹಿಮ್ಮೆಟ್ಟಿಸಿದನೆಂದು ಅದು ಹೇಳುತ್ತದೆ. ಮೆಚ್ಚಿದ ಬಾದಾಮಿಯ ದೊರೆ 'ದಕ್ಷಿಣಾಪಥದ ಆಧಾರ', 'ಹಿಂದೆಗೆಯದವರನ್ನು ಹಿಂದೆಗೆಸಿದವನು' ಎಂಬರ್ಥದ ಬಿರುದುಗಳನ್ನು ಕೊಟ್ಟ. ನನ್ನ ಬೀಗುವಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಮರುದಿನ ದಕ್ಷಿಣಕ್ಕೆ, ಸಂಜಾಣಕ್ಕೆ ಹೋದೆವು. ಅದು ವಲಸಾಡ್ ಜಿಲ್ಲೆಯ ತುದಿ, ಆಚೆಗೆ ಮಹಾರಾಷ್ಟ್ರ. ಇರಾನಿನಿಂದ ಬಂದ ಪಾರ್ಸಿಗಳು ಇಲ್ಲಿ ಇಳಿದರೆಂದು ಅವರ ನಂಬಿಕೆ. ಅದರ ನೆನಪಿಗೆ ನಿಲ್ಲಿಸಿದ ಎತ್ತರದ ಕಂಬವೊಂದಿದೆ. ತುಂಬಿದ ಹಾಲಿನ ಬಟ್ಟಲು, ಅದರಲ್ಲಿ ಕರಗಿದ ಸಕ್ಕರೆಯ ಕತೆಯನ್ನು ಗುಜರಾತಿನಲ್ಲಿ ಕೇಳದವರಿಲ್ಲ. ಕನ್ನಡಿಗರಿಗೂ ಈ ಊರು ಹೊಸದಲ್ಲ. ಕವಿರಾಜಮಾರ್ಗದ ಕಾಲದ ದೊರೆ ಅಮೋಘವರ್ಷ ನೃಪತುಂಗ ನಾಡಿನ ಕೇಡು ತಪ್ಪಲೆಂದು ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ತಿಳಿಸುವ 871ರ ತಾಮ್ರಶಾಸನ ಸಿಕ್ಕಿದ್ದು ಈ ಸಂಜಾಣದಲ್ಲೇ.

ಆದರೆ ನನ್ನ ಬಾಯಿ ಮುಚ್ಚಿಸಿದ್ದು ಇನ್ನೊಂದು ಶಾಸನ. ಸಂಜಾಣದ ದಕ್ಷಿಣಕ್ಕೆ, ಕಡಲ ದಂಡೆಯ ಚಿಂಚಣಿಯಲ್ಲಿ ದೊರೆತ, 926ರ, ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದ್ದು. ಅದರ ಪ್ರಕಾರ ಇಂದ್ರನ ತಾತ ಇಮ್ಮಡಿ ಕೃಷ್ಣ, ಸಂಯಾನ ಮಂಡಲವನ್ನು, ಅಂದರೆ ಈ ಸಂಜಾಣದ ಸೀಮೆಯನ್ನು, ಆಳಲು ನೇಮಿಸಿದ್ದು ಮಧುಮತಿ ಎಂಬವನನ್ನು. ಮಧುಮತಿ ಎಂದರೆ ಮೊಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಅವನ ಕುಲ ತಾಜಿಕ. ನವಸಾರಿಯ ತಗಡಿನಲ್ಲಿ ಶತ್ರುಗಳಿಗೆ ಇದ್ದ ಹೆಸರು ಇನ್ನೂರು ವರ್ಷವೂ ಕಳೆಯುವುದರೊಳಗೆ ಇಲ್ಲಿ ನಮ್ಮ ಅರಸರ ಅಧಿಕಾರಿಯ ಹೆಸರಿನೊಂದಿಗೆ ಬರುತ್ತದೆ. ಕಡಲ ವ್ಯಾಪಾರ ಬಲ್ಲವರು, ಬಂದರುಗಳನ್ನು ಹಿಡಿತದಲ್ಲಿಡಬಲ್ಲವರು ಮಳಖೇಡಕ್ಕೆ ಬೇಕಾಗಿದ್ದರು. ಮಧುಮತಿ ಸುತ್ತಲ ಬಂದರುಗಳ ನಾಯಕರನ್ನು ಗೆದ್ದು ಅಲ್ಲಿ ತನ್ನವರನ್ನು ಕೂರಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ. ಹೊಳೆ ದಾಟುವವರಿಗೆ ಕಾಸಿಲ್ಲದೆ ದೋಣಿ ಇರಿಸಿದ. ಅನ್ನ, ಮೇಲೋಗರ, ತುಪ್ಪ ಬಡಿಸುವ ಸತ್ರ ನಡೆಸಿದ. ಅವನ ಮಂತ್ರಿ ಪುವ್ವಯ್ಯ. ಪುವ್ವಯ್ಯನ ಗೆಳೆಯ ಅಣ್ಣಯ್ಯ ಎಂಬ ಬ್ರಾಹ್ಮಣ ಕಟ್ಟಿಸಿದ ದೇವಿಯ ಮಠಕ್ಕೆ ಭೂಮಿ ಬಿಟ್ಟವನೂ ಇದೇ ಮಧುಮತಿ.

ಅಣ್ಣಯ್ಯ, ಪುವ್ವಯ್ಯ! ಹೆಸರು ಓದುವಾಗ ನಮ್ಮೂರಿನ ಹಜಾರದಲ್ಲಿ ಕೂತವರಂತೆ ಕೇಳಿಸುತ್ತದೆ. ಅವರ ಊರು ಯಾವುದೇ ಇರಲಿ, ಆ ಸತ್ರದಲ್ಲಿ ಎಲೆಯ ಮುಂದೆ ಕೂತವರನ್ನು ಎಲ್ಲಿಯವರು ಎಂದು ಯಾರೂ ಕೇಳಿರಲಾರರು ಎಂದು ನನ್ನ ಊಹೆ.

ಮನೆಗೆ ಹಿಂದಿರುಗುವ ದಾರಿಯಲ್ಲಿ ನಮ್ಮ ವಡೋದರಾದ ಶಾಸನ ನೆನಪಾಯಿತು. 812ರಲ್ಲಿ ಲಾಟದ ರಾಷ್ಟ್ರಕೂಟ ಶಾಖೆಯ ಕರ್ಕ ಸುವರ್ಣವರ್ಷ, ಅಂಕೋಟ್ಟಕ ಎಂಬ 84 ಹಳ್ಳಿಗಳ ಸೀಮೆಯಲ್ಲಿದ್ದ ವಡಪದ್ರಕ ಎಂಬ ಹಳ್ಳಿಯನ್ನು ದಾನ ಕೊಟ್ಟ. ವಡಪದ್ರಕವೇ ವಡೋದರಾ. ಅಂಕೋಟ್ಟಕ ಈಗಿನ ಅಕೋಟಾ, ಹಳ್ಳಿಯ ಪಶ್ಚಿಮದ ಗಡಿ. ದಿನಾ ಆಫೀಸಿಗೆ ಹೋಗುವಾಗ ನಾನು ವಿಶ್ವಾಮಿತ್ರಿಯ ಸೇತುವೆ ಮೇಲೆ ದಾಟುವ ಗಡಿ ಅದು. ಕೊಟ್ಟವನು ಕನ್ನಡ ನಾಡಿನ ಮನೆತನದವನು ಎಂಬುದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ತೆಗೆದುಕೊಂಡ ಭಾನುಭಟ್ಟ ವಲಭಿಯಿಂದ ಬಂದವನು ಎಂಬ ಸಾಲನ್ನು ಮಾತ್ರ ಓದಿಯೂ ಓದದವನಂತೆ ಬಿಟ್ಟಿದ್ದೆ. ಈ ಊರಿನ ಹೆಸರು ಬರವಣಿಗೆಯಲ್ಲಿ ಮೊದಲು ಕಾಣಿಸುವ ಆ ತಗಡಿನಲ್ಲಿ ಕೊಟ್ಟವನ ಮನೆತನ ಒಂದು ಕಡೆಯದು, ಪಡೆದವನು ಇನ್ನೊಂದು ಕಡೆಯವನು. ಶಾಸನದ ಭಾಷೆಯೂ ಕನ್ನಡವಲ್ಲ, ಗುಜರಾತಿಯೂ ಅಲ್ಲ, ಸಂಸ್ಕೃತ.

ದಾಂಡಿ, ನವಸಾರಿ, ಸಂಜಾಣ ಎರಡು ದಿನಕ್ಕೆ ಆರಾಮವಾಗಿ ಮುಗಿಯುವ ಸುತ್ತು. ಚಳಿಗಾಲದಲ್ಲಿ ಹೋಗಿ, ಭರತ ಇಳಿತದ ಹೊತ್ತು ಕೇಳಿಕೊಂಡು ನೀರಿಗಿಳಿಯಿರಿ. ಶಾಸನಗಳ ವಿಷಯ ಓದಿಕೊಂಡು ಹೋಗಿ, ಯಾಕೆಂದರೆ ಊರುಗಳಲ್ಲಿ ಅದರ ಗುರುತೇನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಮಗಳು ಈಗ ತನ್ನ ಗೆಳತಿಯರಿಗೆ ಹೇಳುವುದು "ನಮ್ಮವರು ಆಳಿದರು" ಎಂದಲ್ಲ, ಪುಕ್ಕಟೆ ದೋಣಿ ಮತ್ತು ತುಪ್ಪ ಅನ್ನದ ಕತೆ. ನಾನೂ ಹಳೆಯ ಮಾತು ಬಿಟ್ಟಿದ್ದೇನೆ.